ಟೊಮೆಟೊ ಹಸಿ ಗೊಜ್ಜು ನೀರಾಗುವುದೇಕೆ?

ನಮ್ಮೂರ ಜಾತ್ರೆ ಬರುವುದು ಯುಗಾದಿ ಕಳೆದ ಮೇಲೆ, ಬಿಸಿಲು ಚುರ್ರೆನ್ನುವ ಕಾಲದಲ್ಲಿ. ಜಾತ್ರೆ ಅಂದ್ರೆ ಮನೆ ತುಂಬಾ ನೆಂಟರು. ಅವತ್ತು ರಾಗಿ ರೊಟ್ಟಿ ಜೊತೆಗೆ ಟೊಮೆಟೊ ಹಸಿ ಗೊಜ್ಜು ಮಾಡುವುದು ನಮ್ಮ ಮನೆಯ ರೂಢಿ. ಹೋದ ವರ್ಷ ದೊಡ್ಡಮ್ಮ ಆ ಕೆಲಸವನ್ನು ನನಗೆ ಒಪ್ಪಿಸಿದರು. ನಾನು ಬೆಳಿಗ್ಗೆ ಎಂಟು ಗಂಟೆಗೇ 3 ಕೆ.ಜಿ. ಹಣ್ಣು ಹೆಚ್ಚಿ, ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಉಪ್ಪು, ನಿಂಬೆರಸ ಎಲ್ಲಾ ಕಲಸಿ ಮುಚ್ಚಿಟ್ಟೆ. ಬೇಗ ಮುಗಿಸಿಬಿಟ್ಟೆ ಅಂತ ಜಂಬ ಬೇರೆ! ಮಧ್ಯಾಹ್ನ ಒಂದು ಗಂಟೆಗೆ ಮುಚ್ಚಳ ತೆಗೆದರೆ ಕೆಂಪು ನೀರಿನಲ್ಲಿ ಸಿಪ್ಪೆ ತೇಲುತ್ತಿತ್ತು. ಸೋದರಮಾವ, "ಏನಮ್ಮಾ ಇದು, ಗೊಜ್ಜೋ ತಿಳಿಸಾರೋ?" ಅಂದರು. ಎಲ್ಲರೂ ನಕ್ಕರು. ದೊಡ್ಡಮ್ಮ ಮಾತ್ರ ನಗಲಿಲ್ಲ. ಒಂದು ಸಲ ಮೂಸಿ ನೋಡಿ ಅಷ್ಟನ್ನೂ ತಿಪ್ಪೆಗೆ ಸುರಿಸಿದರು.

3 ಕೆ.ಜಿ. ಹಣ್ಣು ತಿಪ್ಪೆಗೆ ಹೋದರೆ ಹೊಟ್ಟೆ ಹೇಗೆ ಉರಿಯುತ್ತೆ ಅಂತ ಕೋಲಾರ ಜಿಲ್ಲೆಯ ಮಕ್ಕಳಿಗೆ ನಾನು ಹೇಳಬೇಕಾಗಿಲ್ಲ. 2023ರ ಜುಲೈ ತಿಂಗಳಲ್ಲಿ ಕೋಲಾರದ ಮಾರ್ಕೆಟ್‌ನಲ್ಲಿ 15 ಕೆ.ಜಿ. ಬಾಕ್ಸಿಗೆ 2,000 ರೂಪಾಯಿ ದಾಟಿತ್ತು. ರೇಟು ಬಿದ್ದಾಗ ಅದೇ ಹಣ್ಣನ್ನು ರಸ್ತೆ ಪಕ್ಕ ಸುರಿಯುವುದನ್ನೂ ನಾವು ಕಂಡಿದ್ದೇವೆ. ಆದ್ದರಿಂದ ತಪ್ಪು ಎಲ್ಲಾಯ್ತು ಅಂತ ಹುಡುಕಲೇಬೇಕು ಅನ್ನಿಸಿತು.

ಮಾರನೇ ದಿನ ಎರಡು ಬಟ್ಟಲಲ್ಲಿ ಒಂದೇ ಅಳತೆಯ ಟೊಮೆಟೊ ಹೋಳು ಹಾಕಿದೆ. ಒಂದಕ್ಕೆ ಮಾತ್ರ ಒಂದು ಚಮಚ ಉಪ್ಪು ಬೆರೆಸಿದೆ. ಅರ್ಧ ಗಂಟೆಯಲ್ಲಿ ಉಪ್ಪಿನ ಬಟ್ಟಲಲ್ಲಿ ಹೋಳುಗಳು ನೀರಲ್ಲಿ ಮುಳುಗಿದ್ದವು, ಇನ್ನೊಂದರಲ್ಲಿ ತಳ ಮಾತ್ರ ಒದ್ದೆಯಾಗಿತ್ತು. ಅಂದರೆ ಕಳ್ಳ ಉಪ್ಪು! ಒಂಬತ್ತನೇ ತರಗತಿಯ ಜೀವಕೋಶದ ಪಾಠದಲ್ಲಿ ಒಣದ್ರಾಕ್ಷಿ ಪ್ರಯೋಗ ಇದೆಯಲ್ಲ, ಅದೇ ಇದು. ಒಣದ್ರಾಕ್ಷಿಯನ್ನು ಬರೀ ನೀರಲ್ಲಿ ಹಾಕಿದರೆ ಉಬ್ಬುತ್ತೆ, ಗಾಢವಾದ ಸಕ್ಕರೆ ಅಥವಾ ಉಪ್ಪಿನ ನೀರಿಗೆ ಹಾಕಿದರೆ ಸುರುಟುತ್ತೆ. ಜೀವಕೋಶದ ಪೊರೆಯ ಮೂಲಕ ನೀರು ಉಪ್ಪು ಹೆಚ್ಚಿರುವ ಕಡೆಗೆ ಹರಿಯುತ್ತದೆ. ಇದಕ್ಕೆ ಅಭಿಸರಣೆ ಎಂದು ಹೆಸರು. 100 ಗ್ರಾಂ ಟೊಮೆಟೊದಲ್ಲಿ ಸುಮಾರು 94 ಗ್ರಾಂ ನೀರೇ ಇರುವಾಗ, ಐದು ಗಂಟೆ ಉಪ್ಪಲ್ಲಿ ಇಟ್ಟರೆ ಇನ್ನೇನಾಗುತ್ತೆ? ಈ ಅಭಿಸರಣೆ ಎಂಬ ಹೆಸರು ನಮ್ಮಜ್ಜಿಗೆ ಗೊತ್ತಿಲ್ಲ. ಆದರೆ ಮಾವಿನಕಾಯಿಗೆ ಉಪ್ಪು ಬೆರೆಸಿ ಜಾಡಿಗೆ ತುಂಬಿ, "ನೀರು ಬಿಡ್ಲಿ, ಆಮೇಲೆ ಖಾರ ಕಲಸೋಣ" ಅಂತಾರೆ.

ಮೇಷ್ಟ್ರಿಗೆ ಇದನ್ನು ಹೇಳಿದಾಗ ಅವರು ಮೆಕ್ಸಿಕೋ ದೇಶದ ಕಥೆ ತೆಗೆದರು. ಅಲ್ಲಿಯೂ ಇಂಥದೇ ಹಸಿ ಗೊಜ್ಜು ಇದೆ, ಹೆಸರು ಸಾಲ್ಸಾ. ಮೆಕ್ಕೆಜೋಳದ ತೆಳು ರೊಟ್ಟಿ ಜೊತೆ ತಿನ್ನುತ್ತಾರೆ. ಟೊಮೆಟೊದ ಕೆಂಪು, ಈರುಳ್ಳಿಯ ಬಿಳಿ, ಮೆಣಸಿನಕಾಯಿಯ ಹಸಿರು, ಮೂರೂ ಅವರ ಬಾವುಟದ ಬಣ್ಣವಂತೆ! ಅರೆಯುವುದಕ್ಕೆ ಮೂರು ಕಾಲಿನ ಕಲ್ಲಿನ ಒರಳೂ ಇದೆ. ಟೊಮೆಟೊ ಎಂಬ ಹೆಸರು ಬಂದಿರುವುದೇ ಅಲ್ಲಿನ ಹಳೇ ಜನರ ನಹುವಾಟ್ಲ್ ಭಾಷೆಯ ತೊಮಾತ್ಲ್ ಎಂಬ ಮಾತಿನಿಂದ. ಮೆಣಸಿನಕಾಯಿಯೂ ಆ ಕಡೆಯದೇ, ಪೋರ್ಚುಗೀಸರ ಹಡಗಿನಲ್ಲಿ 16ನೇ ಶತಮಾನದಲ್ಲಿ ಭಾರತಕ್ಕೆ ಬಂತು. ಈರುಳ್ಳಿ, ಕೊತ್ತಂಬರಿ, ನಿಂಬೆ ಈ ಕಡೆಯಿಂದ ಆ ಕಡೆಗೆ ಹೋದವು. ಮೆಣಸಿನಕಾಯಿ ಇಲ್ಲದ ಕಾಲದಲ್ಲಿ ನಮ್ಮ ಊರಿನವರು ಖಾರಕ್ಕೆ ಕರಿಮೆಣಸನ್ನೇ ನಂಬಿದ್ದರು ಎಂದರೆ ನನಗೆ ಇನ್ನೂ ನಂಬಿಕೆ ಬರೋದಿಲ್ಲ.

ಈಗ ಮಾಡುವ ವಿಧಾನ. 1 ಕೆ.ಜಿ. ಗಟ್ಟಿ ಹಣ್ಣು, ಕಾಲು ಕೆ.ಜಿ. ಈರುಳ್ಳಿ, ಆರೇಳು ಹಸಿಮೆಣಸಿನಕಾಯಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಒಂದು ನಿಂಬೆಹಣ್ಣು, ಒಂದು ಚಮಚ ಉಪ್ಪು. ಔಷಧಿ ಹೊಡೆದ ಹಣ್ಣಾದ್ದರಿಂದ ಎರಡು ಮೂರು ನೀರಲ್ಲಿ ಉಜ್ಜಿ ತೊಳೆಯಿರಿ. ಸಣ್ಣಗೆ ಹೆಚ್ಚಿ ಉಪ್ಪು ಬೆರೆಸಿ, ತೂತಿನ ಪಾತ್ರೆಯಲ್ಲಿ ಹಾಕಿ ಅರ್ಧ ಗಂಟೆ ಬಿಡಿ. ಕೆಳಗೆ ಒಂದು ಪಾತ್ರೆ ಇಡಲು ಮರೆಯಬೇಡಿ. ಕೆಲವರು ಬೀಜ, ಲೋಳೆ ಎಲ್ಲಾ ತೆಗೆದು ಬಿಸಾಕುತ್ತಾರೆ. ನಾನು ಒಪ್ಪುವುದಿಲ್ಲ, ಏಕೆಂದರೆ ಹುಳಿಯೂ ರುಚಿಯೂ ಹೆಚ್ಚಾಗಿ ಇರುವುದು ಆ ಲೋಳೆಯಲ್ಲೇ. ಇಳಿದ ನೀರನ್ನು ಸಾರಿಗೆ ಹಾಕಿ, ಆದರೆ ಅದರಲ್ಲಿ ಉಪ್ಪು ಇದೆ ಅಂತ ಅಡುಗೆ ಮಾಡುವವರಿಗೆ ಮೊದಲೇ ಹೇಳಿಬಿಡಿ (ನಾನು ಒಂದು ಸಲ ಹೇಳದೆ ಬೈಸಿಕೊಂಡಿದ್ದೇನೆ). ಉಳಿದದ್ದನ್ನೆಲ್ಲಾ ಬಡಿಸುವ ಹೊತ್ತಿಗೆ ಸರಿಯಾಗಿ ಕಲಸಿ. ಮನೆಯವರು ನಾಲ್ಕೇ ಜನ ಇದ್ದರೆ ಈ ರಾಮಾಯಣ ಬೇಡ, ಉಪ್ಪನ್ನು ತಟ್ಟೆಯಲ್ಲೇ ಉದುರಿಸಿಕೊಂಡರೆ ಸಾಕು.

ಪಾತ್ರೆ ಸ್ಟೀಲಿನದೋ ಮಣ್ಣಿನದೋ ಆಗಿರಲಿ. ಹುಳಿ, ಉಪ್ಪು ಎರಡೂ ಸೇರಿದರೆ ಅಲ್ಯೂಮಿನಿಯಂ ಕರಗಿ ಗೊಜ್ಜಿಗೆ ಬೆರೆಯುತ್ತದೆ. ಕಲಾಯಿ ಇಲ್ಲದ ಹಿತ್ತಾಳೆಯೂ ಬೇಡ. ಮೆಣಸಿನಕಾಯಿ ಹೆಚ್ಚಿ ಕೈ ಉರಿದರೆ ಬರೀ ನೀರಲ್ಲಿ ತೊಳೆದರೆ ಹೋಗೋದಿಲ್ಲ. ಖಾರದ ಅಂಶ ಎಣ್ಣೆಯಲ್ಲಿ ಕರಗುತ್ತೆ, ನೀರಲ್ಲಿ ಕರಗುವುದು ಬಹಳ ಕಡಿಮೆ. ಸ್ವಲ್ಪ ಎಣ್ಣೆ ಸವರಿ ಆಮೇಲೆ ಸೋಪು ಹಾಕಿ. ಅಷ್ಟರೊಳಗೆ ಕಣ್ಣು ಮುಟ್ಟಿಕೊಳ್ಳಬೇಡಿ.

ಇನ್ನೊಂದು ವಿಷಯವನ್ನು ದೊಡ್ಡಮ್ಮ ಹೇಳಿದ ಮೇಲೆ ನನಗೆ ಹೆದರಿಕೆಯೇ ಆಯಿತು. ಜಾತ್ರೆ ದಿನ ಒಂದೇ ಈಳಿಗೆಮಣೆಯಲ್ಲಿ ಬಾಡೂ ಹೆಚ್ಚುತ್ತಾರೆ, ಟೊಮೆಟೊನೂ ಹೆಚ್ಚುತ್ತಾರೆ. ಬಾಡು ಒಲೆಯ ಮೇಲೆ ಬೇಯುತ್ತೆ, ಅದರಲ್ಲಿರುವ ರೋಗಾಣು ಸಾಯುತ್ತೆ. ಗೊಜ್ಜು ಬೇಯೋದೇ ಇಲ್ಲವಲ್ಲ! ಅದಕ್ಕೇ ಗೊಜ್ಜಿನ ಹಣ್ಣನ್ನು ಮೊದಲು ಹೆಚ್ಚಿಕೊಳ್ಳಬೇಕು, ಇಲ್ಲವೇ ಮಣೆಯನ್ನು ಸೋಪು ಹಾಕಿ ಚೆನ್ನಾಗಿ ತೊಳೆಯಬೇಕು. ಉಪ್ಪಿನಕಾಯಿ ಕೆಡದೆ ಇರುತ್ತೆ, ಇದೂ ಇರುತ್ತೆ ಅಂದುಕೊಂಡಿದ್ದೆ ನಾನು. ಉಪ್ಪಿನಕಾಯಿಗೆ ಹಾಕುವ ಉಪ್ಪೆಲ್ಲಿ, ಗೊಜ್ಜಿನ ಒಂದು ಚಮಚ ಎಲ್ಲಿ? ಬೇಸಿಗೆಯಲ್ಲಿ ಹೆಚ್ಚಿದ ಟೊಮೆಟೊವನ್ನು ಎರಡು ಗಂಟೆಗಿಂತ ಹೆಚ್ಚು ಹೊರಗೆ ಇಡಬಾರದು. ಹೋದ ವರ್ಷ ನಾನು ಐದು ಗಂಟೆ ಇಟ್ಟಿದ್ದೆ. ಆ ಮನೆ ತುಂಬಾ ಚಿಕ್ಕ ಮಕ್ಕಳಿದ್ದರು.

ಈ ವರ್ಷ ಹನ್ನೆರಡಕ್ಕೆ ಹೆಚ್ಚಲು ಕೂತೆ, ಹನ್ನೆರಡೂ ಮುಕ್ಕಾಲಿಗೆ ಕಲಸಿ ಎಲೆಗೆ ಬಡಿಸಿದೆವು. ಸೋದರಮಾವ ಎರಡು ಸಲ ಹಾಕಿಸಿಕೊಂಡರು, ಏನೂ ಮಾತಾಡಲಿಲ್ಲ. ಎರಡು ಸೌಟಿನಷ್ಟು ಉಳಿಯಿತು. ಅದನ್ನು ಆಗಲೇ ಸಾಸಿವೆ, ಕರಿಬೇವಿನ ಒಗ್ಗರಣೆಗೆ ಹಾಕಿ ಚೆನ್ನಾಗಿ ಬೇಯಿಸಿದೆವು, ರಾತ್ರಿ ಮುದ್ದೆಗೆ ಆಯಿತು.