ಆಯಿಯ ಓಟಿಪಿ

ತಮ್ಮಾ, ತಂಗೀ, ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಲ್ಲಿ ಮನೆಯ ಕಾರಭಾರ ಅರ್ಧ ನಿಮ್ಮ ಕೈಗೆ ಬಂದಿದೆ. ಆಯಿಯ ಪಿಂಚಣಿ ಜಮಾ ಆಯಿತೋ ಇಲ್ಲವೋ ನೋಡುವವರು ನೀವು, ಅಪ್ಪನ ತೊಗರಿಗೆ ಬೆಳೆ ವಿಮೆ ತುಂಬಿಸುವವರು ನೀವು, ಬ್ಯಾಂಕಿನ ಮೆಸೇಜು ಓದಿ ಹೇಳುವವರೂ ನೀವೇ. ಇಂಟರ್‌ನೆಟ್ಟಿನಲ್ಲಿ ನೀವು ಎಡವಿದರೆ ಇಡೀ ಮನೆಗೆ ಪೆಟ್ಟು.

ಆಳಂದದ ಪ್ರಕರಣವನ್ನೇ ತಗೊಳ್ಳಿ. 2023ರ ವಿಧಾನಸಭಾ ಚುನಾವಣೆಗೆ ಮೊದಲು, ಮತದಾರರ ಪಟ್ಟಿಯಿಂದ ಹೆಸರು ತೆಗೆಯಿರಿ ಎಂದು ಆನ್‌ಲೈನಿನಲ್ಲಿ 6,018 ಅರ್ಜಿ ಬಂದವು. ವಿಚಾರಣೆ ಮಾಡಿದಾಗ ಖರೆ ಇದ್ದವು 24 ಮಾತ್ರ. ಹೆಸರು ಹೋಗಬೇಕಿದ್ದವರಿಗೆ ಸುದ್ದಿಯೇ ಇಲ್ಲ. ಯಾರ ಹೆಸರಲ್ಲಿ ಅರ್ಜಿ ಹಾಕಲಾಗಿತ್ತೋ ಅವರೂ ‘ನಾವು ಹಾಕಿಲ್ರಿ’ ಎಂದರು. 2023ರ ಫೆಬ್ರುವರಿಯಲ್ಲಿ ಆಳಂದ ಠಾಣೆಯಲ್ಲಿ ಎಫ್‌ಐಆರ್ ಆಯಿತು. ಮಾಡಿದವರು ಯಾರೆಂದು ನ್ಯಾಯಾಲಯ ಹೇಳಲಿ, ನಾನು ಪಕ್ಷದ ಮಾತಿಗೆ ಹೋಗುವುದಿಲ್ಲ. ನೀವು ನೋಡಬೇಕಾದ್ದು ಅದು ನಡೆದ ಬಗೆಯನ್ನು. ಯಾವುದೋ ಮೊಬೈಲ್ ನಂಬರಿನಿಂದ ಒಳಹೊಕ್ಕು ಇನ್ನೊಬ್ಬರ ಹೆಸರಲ್ಲಿ ಅರ್ಜಿ ತುಂಬಲು ಆಗ ಬರುತ್ತಿತ್ತು. 2025ರ ಸೆಪ್ಟೆಂಬರಿನಲ್ಲಿ ಚುನಾವಣಾ ಆಯೋಗ, ಆಧಾರ್‌ಗೆ ಜೋಡಿಸಿದ ನಂಬರಿಗೇ ಓಟಿಪಿ ಕಳಿಸಿ ಇ-ಸಹಿ ಪಡೆಯುವ ಪದ್ಧತಿ ತಂದಿತು. ಒಳ್ಳೆಯದೇ ಆಯಿತು. ಆದರೆ ಅಲ್ಲಿಗೆ ಆ ಓಟಿಪಿಯೇ ನಿಮ್ಮ ರುಜು ಆಯಿತಲ್ಲ! ಫೋನಿನಲ್ಲಿ ಯಾರೋ ಕೇಳಿದರೆಂದು ಆಯಿಯ ಓಟಿಪಿ ಓದಿ ಹೇಳುವುದೂ, ಖಾಲಿ ಹಾಳೆಗೆ ಆಕೆಯ ಹೆಬ್ಬೆಟ್ಟು ಒತ್ತಿಸಿ ಕೊಡುವುದೂ ಒಂದೇ.

ತಹಸೀಲ್ ಕಚೇರಿ ಎದುರಿನ ಆನ್‌ಲೈನ್ ಅಂಗಡಿಗೆ ಹೋದಾಗ ಕಂಪ್ಯೂಟರಿನ ಕಡೆ ಒಮ್ಮೆ ಕಣ್ಣು ಹಾಯಿಸಿ. ಪ್ರಿಂಟ್ ಬೇಕೆಂದು ಎಲ್ಲರೂ ಅಂಗಡಿಯ ವಾಟ್ಸ್ಆ್ಯಪ್ ನಂಬರಿಗೆ ಆಧಾರ್, ಪಾಸ್‌ಬುಕ್, ಪಹಣಿ ಕಳಿಸಿರುತ್ತಾರೆ. ಡೌನ್‌ಲೋಡ್ಸ್ ತೆಗೆದರೆ ಊರಿಗೆ ಊರೇ ಅದರಲ್ಲಿ. ಅಂಗಡಿಯವನು ಒಳ್ಳೆಯವನೇ ಇರಬಹುದು, ನಾಳೆ ಆ ಕುರ್ಚಿಗೆ ಯಾರು ಬರುತ್ತಾರೋ. ನಿಮ್ಮೆದುರೇ ಫೈಲು ಅಳಿಸಲು ಹೇಳಿ, ರಿಸೈಕಲ್ ಬಿನ್ನಿನಿಂದಲೂ. ಸಿಟ್ಟಾದರೆ ಆಗಲಿ. ಮೊದಲ ಎಂಟು ಅಂಕಿ ಮುಚ್ಚಿದ ಮಾಸ್ಕ್ಡ್ ಆಧಾರ್ ಯುಐಡಿಎಐ ತಾಣದಲ್ಲಿ ಸಿಗುತ್ತದೆ, ನಡೆಯುವ ಕಡೆ ಅದನ್ನೇ ಕೊಡಿ. ಆಯಿಯ ಖಾತೆಯಿಂದ ಬರೀ ಬೆರಳಚ್ಚಿನ ಮೇಲೆ, ಓಟಿಪಿ ಇಲ್ಲದೆಯೇ ದುಡ್ಡು ತೆಗೆಯಲು ಬರುತ್ತದೆ. ಅದಕ್ಕೇ ಆಕೆಯ ಆಧಾರ್‌ಗೆ ಬಯೊಮೆಟ್ರಿಕ್ ಲಾಕ್ ಹಾಕಿಡಿ. ರೇಷನ್ ತರುವ ದಿನ ತೆಗೆದರಾಯಿತು. ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆಯೆಂದು ಸರಕಾರದ ಸಂಚಾರ ಸಾಥಿ ತಾಣದಲ್ಲಿ ನೋಡಿ. ಗುರುತಿಲ್ಲದ್ದು ಕಂಡರೆ ಅಲ್ಲೇ ದೂರು ಕೊಡಬಹುದು.

ಇನ್ನು ದೇವರ ಹೆಸರಲ್ಲೂ ಎಚ್ಚರ ತಪ್ಪುವಂತಿಲ್ಲ. ದೇವಲ ಗಾಣಗಾಪುರದ ದತ್ತಾತ್ರೇಯ ದೇವಸ್ಥಾನದ ಹೆಸರಿನಲ್ಲಿ ನಕಲಿ ವೆಬ್‌ಸೈಟ್ ತೆರೆದು ಭಕ್ತರಿಂದ ಹಣ ಪಡೆದರೆಂಬ ಆರೋಪದ ಮೇಲೆ 2022ರಲ್ಲಿ ಪೊಲೀಸ್ ಪ್ರಕರಣವೇ ಆಯಿತು. ವಿಳಾಸದ ಪಕ್ಕ ಬೀಗದ ಚಿತ್ರ ಕಂಡಕೂಡಲೇ ನಂಬಬೇಡಿ. ನಡುದಾರಿಯಲ್ಲಿ ಯಾರೂ ಕದ್ದು ಓದಲಾರರು ಎನ್ನುವುದಷ್ಟೇ ಅದರ ಅರ್ಥ, ಆಚೆ ತುದಿಯಲ್ಲಿ ಕೂತವನು ಸಾಚಾ ಎಂದಲ್ಲ. ಸರಕಾರಿ ಕೆಲಸವಿದ್ದರೆ ವಿಳಾಸದ ಕೊನೆಯಲ್ಲಿ ‘gov.in’ ಇದೆಯೇ ನೋಡಿ, ಅದು ಖಾಸಗಿಯವರಿಗೆ ಸಿಗುವುದಿಲ್ಲ. ಮದುವೆ ಕರೆಯೋಲೆ, ಕಿಸಾನ್ ಹಣ ಎಂದು ವಾಟ್ಸ್ಆ್ಯಪ್‌ನಲ್ಲಿ ಬರುವ ಎಪಿಕೆ ಫೈಲು ಒತ್ತಲೇಬೇಡಿ. ಅದು ಫೋನಿನಲ್ಲಿ ಕೂತು ಮೆಸೇಜು ಓದುವ ಅನುಮತಿ ಪಡೆಯಿತೆಂದರೆ ಓಟಿಪಿ ನೀವು ಹೇಳದಿದ್ದರೂ ಹೋಗುತ್ತದೆ.

‘ಮುಚ್ಚಿಡೋವಂಥಾದ್ದು ನಮ್ಮ ಹತ್ರ ಏನದರಿ ಕಾಕಾ?’ ಎಂದು ನೀವು ಕೇಳುತ್ತೀರಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತು ದಾಟಿದ ಮೇಲೆ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಅದೇ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಎಂದರು. ತಪ್ಪು ಮಾಡಿದವರಿಗಷ್ಟೇ ಬೇಕಾದ ಹಕ್ಕಲ್ಲ ಅದು. ಪಿಂಚಣಿ ಮೇಲೆ ಬದುಕುವ ಮುದುಕಿಗೂ ಬೇಕು.

ಇಷ್ಟಾಗಿಯೂ ದುಡ್ಡು ಹೋಯಿತೆನ್ನಿ. ಆಗಿಂದಾಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಹಚ್ಚಿ. ಅಪ್ಪ ಬೈತಾನೆಂದು ಎರಡು ದಿನ ಮುಚ್ಚಿಟ್ಟರೆ ದುಡ್ಡು ಖಾತೆಯಿಂದ ಖಾತೆಗೆ ದಾಟಿ ಎಲ್ಲಿಯೋ ಹೋಗಿರುತ್ತದೆ, ತಡೆಹಿಡಿಯಲು ಬ್ಯಾಂಕಿಗೂ ಆಗುವುದಿಲ್ಲ. ಫೋಟೊ ಇಟ್ಟುಕೊಂಡು ಯಾರಾದರೂ ಹೆದರಿಸಿದರೂ ಅಷ್ಟೇ ತಂಗೀ: ದುಡ್ಡು ಕೊಡಬೇಡ, ಮೆಸೇಜು ಅಳಿಸಬೇಡ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಮನೆಯಲ್ಲಿ ಒಬ್ಬರಿಗಾದರೂ ಹೇಳಿ ಠಾಣೆಗೆ ಹೋಗು.