ಕರೆಂಟು ಕೊಡುವ ಮೊದಲು

ಮಗಳೇ, ವಾರಕ್ಕೆ ಮೂರು ದಿನ ಶಿಕಾರಿಪುರ, ಮೂರು ದಿನ ಸೊರಬ ಅಂತ ಫಿಸಿಯೋಥೆರಪಿ ಶುರು ಮಾಡ್ತೀಯಂತೆ. ಸಂತೋಷ. ಮಿಷನ್ನುಗಳ ಪಟ್ಟಿ ಕಳಿಸಿ ಯಾವುದನ್ನು ಮೊದಲು ಕೊಳ್ಳಲಿ ಎಂದು ಕೇಳಿದ್ದೀಯ. ಮೊದಲು ಎರಡು ಒಳ್ಳೆಯ ಕುರ್ಚಿ ಕೊಂಡುಕೋ. ಒಂದು ನಿನಗೆ, ಒಂದು ಬಂದವರಿಗೆ.

ನಮ್ಮ ಕಡೆ ಸೊಂಟನೋವಿನವರು ಬಾಗಿಲಲ್ಲೇ "ಕರೆಂಟು ಕೊಡ್ತೀರಾ?" ಅನ್ನುತ್ತಾರೆ. ಕೊಡದಿದ್ದರೆ ಏನೂ ಮಾಡಲಿಲ್ಲ ಎಂಬ ಬೇಸರ. ಆದರೆ ಬಹುಕಾಲದ ಸೊಂಟನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ಓದು. ಕರೆಂಟು ಕೊಡುವ ಟೆನ್ಸ್, ಅಲ್ಟ್ರಾಸೌಂಡ್, ಟ್ರ್ಯಾಕ್ಷನ್, ಸೊಂಟದ ಬೆಲ್ಟು ಬೇಡ ಎನ್ನುತ್ತದೆ ಅದು. ವ್ಯಾಯಾಮ, ತಿಳಿಹೇಳುವುದು, ಮನಸ್ಸಿನ ಆರೈಕೆ ಇವನ್ನು ಒಪ್ಪುತ್ತದೆ.

ದೇಹ, ಮನಸ್ಸು, ಸಮಾಜ ಮೂರನ್ನೂ ಸೇರಿಸಿ ಕಾಯಿಲೆ ನೋಡಬೇಕೆಂದು ಜಾರ್ಜ್ ಎಂಗೆಲ್ 1977ರಲ್ಲೇ ಬರೆದಿದ್ದನ್ನು ನೀನು ಪರೀಕ್ಷೆಗೆ ಓದಿರುತ್ತೀಯ. ನಮ್ಮೂರಲ್ಲಿ ಅದರ ರೂಪವೇ ಬೇರೆ. ನಾಟಿಯ ದಿನಗಳಲ್ಲಿ ಬೆಳಗಿಂದ ಸಂಜೆಯವರೆಗೆ ಬಗ್ಗಿದ ಹೆಂಗಸಿಗೆ ಸೊಂಟ ಹಿಡಿಯುತ್ತದೆ. ಯಾರೋ "ಮೂಳೆ ಸವೆದಿದೆ, ಇನ್ನು ಬಗ್ಗಬೇಡ" ಅನ್ನುತ್ತಾರೆ. ಅವಳು ಬಗ್ಗುವುದನ್ನೇ ಬಿಡುತ್ತಾಳೆ. ಕೂಲಿ ನಿಂತು ಸಂಘದ ಕಂತು ಬಾಕಿ ಬೀಳುತ್ತದೆ, ರಾತ್ರಿ ನಿದ್ದೆ ಹಾರುತ್ತದೆ. ನಿದ್ದೆಗೆಟ್ಟ ಮೈಗೆ ನೋವು ಜಾಸ್ತಿ. ಬಳಸದ ಸ್ನಾಯು ಸೊರಗಿ, ಕೊಡಪಾನ ಎತ್ತಿದರೂ ಚಳಕು ಹೊಡೆಯುತ್ತದೆ. ನೋಡಿ, ಸವೆದಿರೋದು ನಿಜ ಎಂದು ಅವಳಿಗೆ ಖಾತ್ರಿಯಾಗುತ್ತದೆ. ಇದರಲ್ಲಿ ಮೈಯ ಪಾಲೆಷ್ಟು, ಮನಸ್ಸಿನ ಪಾಲೆಷ್ಟು ಎಂದು ಯಾರೂ ತೂಗಲಾರರು, ತೂಗುವ ಅಗತ್ಯವೂ ಇಲ್ಲ.

ಸವೆತಕ್ಕೆ ಅಷ್ಟು ಹೆದರಬೇಕಾಗಿಲ್ಲ. ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ 2015ರ ಅಧ್ಯಯನವೊಂದರಲ್ಲಿ, ಇಪ್ಪತ್ತರ ವಯಸ್ಸಿನವರಲ್ಲೇ ಶೇ. 37, ಎಂಬತ್ತರವರಲ್ಲಿ ಶೇ. 96 ಮಂದಿಗೆ ಡಿಸ್ಕ್ ಸವೆದಿತ್ತು. ಇದನ್ನು ನಿಧಾನವಾಗಿ, ಸಾಧ್ಯವಾದರೆ ಗಂಡ ಅಥವಾ ಅತ್ತೆಯ ಎದುರಿಗೇ ಹೇಳು. ಮನೆಯವರು "ಕೂತ್ಕೋ, ಮುಟ್ಟಬೇಡ" ಎನ್ನುತ್ತಿದ್ದರೆ ನೀನು ಕಲಿಸಿದ್ದೆಲ್ಲ ಹೊಸ್ತಿಲಲ್ಲೇ ಉಳಿಯುತ್ತದೆ. ಆಮೇಲೆ ನಿನ್ನ ಕಣ್ಣೆದುರೇ ಬಗ್ಗಿಸು. ಮೊದಲು ಮೇಜಿನವರೆಗೆ, ಕೆಲವು ದಿನ ಬಿಟ್ಟು ಸ್ಟೂಲಿನವರೆಗೆ, ಕೊನೆಗೆ ನೆಲಕ್ಕೆ. ಉಸಿರು ಬಿಗಿಹಿಡಿದಿದ್ದಾಳಾ ನೋಡು. ಹೆದರಿಕೆ ಮೊದಲು ಕಾಣುವುದು ಅಲ್ಲೇ.

"ಎಲ್ಲ ನಿಮ್ಮ ಮನಸ್ಸಿಂದು" ಎಂದು ಮಾತ್ರ ಅನ್ನಬೇಡ. ಬಂದವರು ಸುಳ್ಳುಗಾರರಾದ ಹಾಗೆ ಎದ್ದು ಹೋಗುತ್ತಾರೆ. ನಿಜವಾದ ಅಪಾಯವೂ ಇರುತ್ತದೆ. ಮೂತ್ರ ಕಟ್ಟುವುದು, ಕೂರುವ ಜಾಗ ಜೋಮು ಹಿಡಿಯುವುದು, ಕಾಲಿನ ಬಲ ಇಳಿಯುತ್ತಾ ಹೋಗುವುದು ಕಂಡರೆ ಅವತ್ತೇ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕಳಿಸು. ಜ್ವರ, ತೂಕ ಇಳಿತದ ಜೊತೆ ರಾತ್ರಿಯೂ ಬಿಡದ ಬೆನ್ನುನೋವಿದ್ದರೆ ಬೆನ್ನೆಲುಬಿನ ಕ್ಷಯ ನೆನಪಿರಲಿ.

ಸೊರಬದಲ್ಲಿ ಗುಡಿಗಾರರು ಬರುತ್ತಾರೆ. ಗಂಧದ ತುಂಡಿನ ಮೇಲೆ ಕತ್ತು ಬಗ್ಗಿಸಿ ಗಂಟೆಗಟ್ಟಲೆ ಕೂರುವ ಕೆಲಸ. "ಕೆತ್ತನೆ ಬಿಡಿ" ಅನ್ನುವುದು ಚಿಕಿತ್ಸೆಯಲ್ಲ. ಕೆಲಸದ ಜಾಗಕ್ಕೇ ಹೋಗಿ ಮಣೆಯ ಎತ್ತರ, ಬೆಳಕು ಬೀಳುವ ದಿಕ್ಕು ನೋಡು. ಕೆತ್ತುವವನ ಹೆಬ್ಬೆರಳು ನೋಯುತ್ತಿದ್ದರೆ ಅವನ ಚಿಂತೆ ಹೆಬ್ಬೆರಳಿನದ್ದಷ್ಟೇ ಆಗಿರುವುದಿಲ್ಲ, ಮುಂದೆ ಈ ಕಸುಬು ನಡೆಯುತ್ತದೋ ಇಲ್ಲವೋ ಎಂಬುದೂ ಇರುತ್ತದೆ.

ಲಕ್ವ ಹೊಡೆದವರಲ್ಲಿ ಸುಮಾರು ಮೂರರಲ್ಲೊಬ್ಬರಿಗೆ ಖಿನ್ನತೆ ಬರುತ್ತದೆ. "ಸೋಮಾರಿ, ವ್ಯಾಯಾಮ ಮಾಡಲ್ಲ" ಎಂದು ಮನೆಯವರು ದೂರುವ ಮುದುಕರನ್ನು ಗದರುವ ಮೊದಲು ಊಟ, ನಿದ್ದೆ ಕೇಳು. ಬದುಕು ಸಾಕೆಂಬ ಮಾತು ಬಂದರೆ ಅದು ನಿನ್ನ ಕೈ ಮೀರಿದ್ದು. ಮನೋವೈದ್ಯರಿಗೆ ಒಪ್ಪಿಸು, ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416 ಬರೆದುಕೊಡು.

ಇನ್ನೊಂದು. ಅಲ್ಲಮ, ಅಕ್ಕಮಹಾದೇವಿಯರ ಸೀಮೆ ಅಂತ ಅವರ ಪಟ ಹಾಕಿ, ದೇಹ-ಮನಸ್ಸಿನ ಸಮಗ್ರ ಚಿಕಿತ್ಸೆ ಎಂದು ದೊಡ್ಡ ಬೋರ್ಡು ಬರೆಸಲು ಹೊರಡಬೇಡ. ಹೆಸರು, ಓದು, ಸಮಯ ಇದ್ದರೆ ಸಾಕು. ಸಂತೆಯ ದಿನ ಹೊಸಬರನ್ನು ಕರೆಯಬೇಡ, ಅವರಿಗೂ ಬಸ್ಸಿನ ಗಡಿಬಿಡಿ, ನಿನಗೂ. ಮೊದಲ ಭೇಟಿಗೆ ಮುಕ್ಕಾಲು ಗಂಟೆಯಾದರೂ ಬೇಕು.