ಮುಖದ ಮೇಲಿನ ನೀಲಿ ಗಂಟು: ಕೊಯ್ಯುವ ಮೊದಲು ಹರಿವಿನ ಲೆಕ್ಕ

ಕೆಲವರ ಕೆನ್ನೆ, ತುಟಿ, ನಾಲಿಗೆ ಅಥವಾ ಕುತ್ತಿಗೆಯ ಮೇಲೆ ಹುಟ್ಟಿನಿಂದಲೇ ಕೆಂಪು ಮಚ್ಚೆಯೋ ನೀಲಿ ಗಂಟೋ ಇರುತ್ತೆ. ‘ಗ್ರಹಣದ ದಿನ ತಾಯಿ ಹೊರಗೆ ಬಂದಿದ್ದಳು, ಅದಕ್ಕೇ ಹೀಗೆ’ ಅನ್ನುವವರನ್ನು ನಾವೆಲ್ಲ ಕೇಳಿದ್ದೇವೆ. ಗ್ರಹಣಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಭ್ರೂಣ ಬೆಳೆಯುವಾಗ ಕೆಲವೇ ಜೀವಕೋಶಗಳ ಜೀನ್ ಬದಲಾಗಿ, ಆ ಜಾಗದ ರಕ್ತನಾಳಗಳು ಸರಿಯಾಗಿ ರೂಪುಗೊಂಡಿರುವುದಿಲ್ಲ. ಹೆಚ್ಚಿನ ಸಲ ಇದು ಅಪ್ಪ ಅಮ್ಮನಿಂದ ಬಂದದ್ದೂ ಅಲ್ಲ. ಇದಕ್ಕೆ ವ್ಯಾಸ್ಕ್ಯುಲರ್ ಮಾಲ್‌ಫಾರ್ಮೇಶನ್, ಅಂದರೆ ರಕ್ತನಾಳದ ರಚನಾ ದೋಷ ಅಂತ ಹೆಸರು.

ಕೊಯ್ದು ತೆಗೆದರೆ ಮುಗೀತಲ್ಲ ಅನ್ನಿಸಬಹುದು. ಆದರೆ ಈ ಗಂಟಿಗೆ ಸ್ಪಷ್ಟ ಅಂಚು ಇರಲ್ಲ, ಕೊಯ್ದರೆ ರಕ್ತ ತುಂಬಾ ಹೋಗಬಹುದು. ಕೆನ್ನೆಯೊಳಗೆ ಮುಖದ ನರದ ಕವಲುಗಳು ಹರಡಿವೆ. ಅವಕ್ಕೆ ಪೆಟ್ಟಾದರೆ ನಗು ಸೊಟ್ಟಗಾಗುತ್ತೆ, ಕಣ್ಣು ಪೂರ್ತಿ ಮುಚ್ಚಲ್ಲ. ಅದಕ್ಕೇ ಇವತ್ತು ಸೂಜಿ, ಕ್ಯಾತಿಟರ್, ಲೇಸರ್ ಮುಂದೆ ಬಂದಿವೆ. ಯಾವುದು ಯಾರಿಗೆ ಅನ್ನೋದನ್ನ ಮುಖ್ಯವಾಗಿ ತೀರ್ಮಾನಿಸುವುದು ಒಂದೇ ಪ್ರಶ್ನೆ: ಒಳಗೆ ರಕ್ತ ಎಷ್ಟು ವೇಗವಾಗಿ ಹರಿಯುತ್ತಿದೆ?

ಮೊದಲು ಹೆಸರು ಸರಿ ಇರಬೇಕು

1982ರಲ್ಲಿ ಬಾಸ್ಟನ್‌ನ ಜಾನ್ ಮುಲಿಕೆನ್ ಮತ್ತು ಜೂಲಿ ಗ್ಲೊವಾಕಿ ಇಂಥ ಮಚ್ಚೆಗಳನ್ನು ಎರಡು ಗುಂಪು ಮಾಡಿದರು. ಹಿಮ್ಯಾಂಜಿಯೋಮಾ ಮಗುವಿನ ಮೊದಲ ತಿಂಗಳುಗಳಲ್ಲಿ ಬೇಗ ಬೆಳೆದು, ಆಮೇಲೆ ನಿಧಾನವಾಗಿ ಕುಗ್ಗುತ್ತೆ. ಮಾಲ್‌ಫಾರ್ಮೇಶನ್ ಹಾಗಲ್ಲ, ಮಗುವಿನ ಜೊತೆಗೇ ಬೆಳೆಯುತ್ತೆ, ತಾನಾಗಿ ಹೋಗಲ್ಲ. ಎರಡನ್ನೂ ಒಂದೇ ಹೆಸರಿಂದ ಕರೆದು ‘ಬಿಡಿ, ದೊಡ್ಡವರಾದಂತೆ ಹೋಗುತ್ತೆ’ ಅಂದರೆ ವರ್ಷಗಳು ಸುಮ್ಮನೆ ಕಳೆದುಹೋಗುತ್ತವೆ.

ನಿಧಾನ ಹರಿವು: ಸೂಜಿ

ವೀನಸ್ ಮಾಲ್‌ಫಾರ್ಮೇಶನ್ ಅಂದರೆ ಹಿಗ್ಗಿದ ಅಭಿಧಮನಿಗಳ ಮೆತ್ತನೆಯ ನೀಲಿ ಗಂಟು. ತಲೆ ಬಗ್ಗಿಸಿದರೆ ಉಬ್ಬುತ್ತೆ, ಒತ್ತಿದರೆ ಕುಗ್ಗುತ್ತೆ, ಮಿಡಿಯಲ್ಲ. ಡಾಪ್ಲರ್ ಪರಿಣಾಮವೇ ಇಲ್ಲಿ ಅಲ್ಟ್ರಾಸೌಂಡ್‌ನಲ್ಲಿ ಹರಿವನ್ನು ತೋರಿಸುತ್ತೆ. ಎಷ್ಟು ಆಳಕ್ಕೆ ಹರಡಿದೆ ಅಂತ ಎಂಆರ್‌ಐ ಹೇಳುತ್ತೆ.

ಇದಕ್ಕೆ ಸ್ಕ್ಲೀರೋಥೆರಪಿ ಮಾಡುತ್ತಾರೆ. ಸೂಜಿಯಲ್ಲಿ ಕೊಟ್ಟ ಔಷಧ ನಾಳದ ಒಳಪದರವನ್ನು ಹಾಳುಮಾಡುತ್ತೆ, ಗೋಡೆಗಳು ಅಂಟಿಕೊಂಡು ನಾಳ ಕುಗ್ಗುತ್ತೆ. ಸೋಡಿಯಂ ಟೆಟ್ರಾಡೆಸಿಲ್ ಸಲ್ಫೇಟ್, ಪೋಲಿಡೋಕನಾಲ್, ಬ್ಲಿಯೋಮೈಸಿನ್ ಇಲ್ಲಿ ಬಳಸುವ ಔಷಧಗಳು. ಮೊದಲ ಎರಡನ್ನು ಒಂದು ಭಾಗಕ್ಕೆ ನಾಲ್ಕು ಭಾಗ ಗಾಳಿ ಸೇರಿಸಿ, ಎರಡು ಸಿರಿಂಜ್‌ಗಳ ನಡುವೆ ಹಿಂದೆ ಮುಂದೆ ತಳ್ಳಿ ನೊರೆ ಮಾಡುವುದುಂಟು. ದ್ರವ ರಕ್ತದಲ್ಲಿ ಬೆರೆತು ತೆಳುವಾಗುತ್ತೆ. ನೊರೆ ರಕ್ತವನ್ನು ಪಕ್ಕಕ್ಕೆ ತಳ್ಳಿ ಗೋಡೆಗೆ ತಾಗುತ್ತೆ. ಹಾಗಾಗಿ ಕಡಿಮೆ ಔಷಧ ಸಾಕು.

ಚರ್ಮದ ತೆಳು ಪದರದಲ್ಲೇ ಇರುವ ಕೆಂಪು ಪೋರ್ಟ್‌ವೈನ್ ಮಚ್ಚೆಗೆ 595 ನ್ಯಾನೋಮೀಟರ್‌ನ ಪಲ್ಸ್ಡ್ ಡೈ ಲೇಸರ್ ಬಳಸುತ್ತಾರೆ. ಆ ಬೆಳಕನ್ನು ಹಿಮೋಗ್ಲೋಬಿನ್ ಹೀರುತ್ತೆ. ಪಲ್ಸ್ ಎಷ್ಟು ಚಿಕ್ಕದೆಂದರೆ ಶಾಖ ಸುತ್ತಲಿನ ಚರ್ಮಕ್ಕೆ ಹರಡುವ ಮೊದಲೇ ಮುಗಿದಿರುತ್ತೆ.

ವೇಗದ ಹರಿವು: ಕ್ಯಾತಿಟರ್

ಅಪಧಮನಿ, ಲೋಮನಾಳ, ಅಭಿಧಮನಿ: ಇದು ರಕ್ತದ ದಾರಿ. ಲೋಮನಾಳಗಳ ಜಾಲವನ್ನು ರೆಸಿಸ್ಟರ್ ಅಂದುಕೊಳ್ಳಿ. ಆರ್ಟೀರಿಯೋವೀನಸ್ ಮಾಲ್‌ಫಾರ್ಮೇಶನ್‌ನಲ್ಲಿ ಆ ರೆಸಿಸ್ಟರೇ ಇಲ್ಲ, ಶಾರ್ಟ್ ಸರ್ಕ್ಯೂಟ್. ಗಂಟು ಬಿಸಿಯಾಗಿರುತ್ತೆ, ಮಿಡಿಯುತ್ತೆ, ಕೆಲವೊಮ್ಮೆ ಜೀವಕ್ಕೇ ಅಪಾಯ ಆಗುವಷ್ಟು ರಕ್ತ ಸುರಿಯುತ್ತೆ. ಇಲ್ಲಿ ಸುಮ್ಮನೆ ಸೂಜಿ ಚುಚ್ಚಿದರೆ ಔಷಧ ಕ್ಷಣದಲ್ಲಿ ಕೊಚ್ಚಿಹೋಗುತ್ತೆ.

ಹಾಗಾದರೆ ರಕ್ತ ತರುವ ದೊಡ್ಡ ಅಪಧಮನಿಯನ್ನೇ ಕಟ್ಟಿಬಿಟ್ಟರೆ? ಅದೇ ದೊಡ್ಡ ತಪ್ಪು. ಗಂಟಿನ ನಡುಭಾಗವಾದ ನೈಡಸ್‌ನಲ್ಲಿ ರೆಸಿಸ್ಟೆನ್ಸ್ ಕಡಿಮೆಯೇ ಉಳಿದಿರುತ್ತೆ. ಪ್ಯಾರಲಲ್ ಕವಲುಗಳಿಂದ ರಕ್ತ ನುಗ್ಗಿ ಅವೂ ಹಿಗ್ಗುತ್ತವೆ. ಮುಂದೆ ಕ್ಯಾತಿಟರ್ ಹೋಗಬೇಕಾದ ದಾರಿಯೂ ಮುಚ್ಚಿಹೋಗುತ್ತೆ. ಮುಚ್ಚಬೇಕಾದದ್ದು ನೈಡಸ್ಸನ್ನೇ.

ಅದಕ್ಕೆ ಎಂಬೋಲೈಸೇಶನ್. ತೊಡೆಸಂದಿಯ ಅಪಧಮನಿಯಿಂದ ಸಣ್ಣ ಕ್ಯಾತಿಟರ್ ಅನ್ನು ಎಕ್ಸ್‌ರೇ ನೋಡುತ್ತಾ ಮುಖದವರೆಗೆ ಒಯ್ದು ಅಂಟಿನಂಥ ದ್ರವ ಬಿಡುತ್ತಾರೆ. ಓನಿಕ್ಸ್ ಅನ್ನುವುದು ಡಿಎಂಎಸ್‌ಒದಲ್ಲಿ ಕರಗಿಸಿದ ಪಾಲಿಮರ್. ರಕ್ತ ತಾಗಿದ ಕೂಡಲೇ ಹೊರಗಿನಿಂದ ಗಟ್ಟಿಯಾಗುತ್ತೆ, ಒಳಗೆ ಇನ್ನೂ ಹರಿಯುತ್ತಿರುತ್ತೆ. ಎಕ್ಸ್‌ರೇಯಲ್ಲಿ ಕಾಣಲಿ ಅಂತ ಟ್ಯಾಂಟಲಂ ಪುಡಿ ಸೇರಿಸಿರುತ್ತಾರೆ.

ಗಾಯ ಚಿಕ್ಕದು, ಅಪಾಯ ಚಿಕ್ಕದಲ್ಲ

ಮುಖದ ಅಪಧಮನಿಗಳಿಗೂ ಕಣ್ಣು, ಮೆದುಳಿನ ಅಪಧಮನಿಗಳಿಗೂ ಸಣ್ಣ ಸಂಪರ್ಕಗಳಿವೆ. ದ್ರವ ಆ ಕಡೆ ಜಾರಿದರೆ ದೃಷ್ಟಿ ಹೋಗಬಹುದು, ಪಾರ್ಶ್ವವಾಯು ಆಗಬಹುದು. ನಾಲಿಗೆ ಅಥವಾ ಗಂಟಲಿನ ಹತ್ತಿರ ಸ್ಕ್ಲೀರೋಥೆರಪಿ ಮಾಡಿದರೆ ಊತ ಬಂದು ಉಸಿರಿನ ದಾರಿ ಕಟ್ಟಬಹುದು. ಹಾಗಾಗಿ ಇದು ರೇಡಿಯಾಲಜಿ, ಸರ್ಜರಿ, ಅರಿವಳಿಕೆ ತಜ್ಞರು ಒಟ್ಟಿಗೆ ಕೂತು ಮಾಡುವ ಕೆಲಸ. ಸಾಮಾನ್ಯವಾಗಿ ಒಂದೇ ಸಲಕ್ಕೆ ಮುಗಿಯಲ್ಲ. ಗುರುತು ಪೂರ್ತಿ ಅಳಿಸುವುದೇ ಗುರಿ ಅಲ್ಲ. ನೋವು, ರಕ್ತಸ್ರಾವ ನಿಂತು, ಊಟ, ಮಾತು, ಉಸಿರು ಸಲೀಸಾದರೆ ಅದೇ ಗೆಲುವು.

ನಿಮ್ಮ ಮನೆಯಲ್ಲೋ ಹಾಸ್ಟೆಲ್‌ನಲ್ಲೋ ಯಾರಿಗಾದರೂ ಹೀಗಿದ್ದರೆ, ಡಾಕ್ಟರ್ ಹತ್ತಿರ ಕೇಳಬೇಕಾದ ಪ್ರಶ್ನೆ ಎರಡೇ: ಇದು ಹಿಮ್ಯಾಂಜಿಯೋಮಾನಾ, ಮಾಲ್‌ಫಾರ್ಮೇಶನ್ನಾ? ಹರಿವು ನಿಧಾನವೋ, ವೇಗವೋ? ಉತ್ತರ ಸಿಗುವವರೆಗೆ ಯಾರ ಕೈಗೂ ಚಾಕು ಕೊಡಬೇಡಿ.